ಮೀನಿಗೆ ಮೂಗುದಾರ

ಗಾಳಿಗೆ ಬೈದರೆ ಗಾಳಿಗೇನು ಕಿವಿಯಿದೆಯೇ? ಆದರೂ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಆಷಾಢ ಹುಟ್ಟಿ ಹನ್ನೆರಡು ದಿನವಾಗಿತ್ತು. ಹನ್ನೆರಡು ದಿನವೂ ಪಡುವಣದಿಂದ ಒಂದೇ ಸಮನೆ ಬೀಸಿ ಕಬಿನಿಯ ಹಿನ್ನೀರನ್ನೆಲ್ಲ ಕೆಂಪಗೆ ಕದಡಿ ಹಾಕಿತ್ತು. ಹರಿಗೋಲು ಇಳಿಸಿದರೆ ಬುಗುರಿಯ ಹಾಗೆ ತಿರುಗುತ್ತಿತ್ತು. ಇಂಥ ಗಾಳಿಯಲ್ಲಿ ಮೀನು ಹಿಡಿಸು ಅಂದರೆ ನಾನೇನು ನೀರೊಳಗೆ ಮುಳುಗಿ, ಮೀನಿನ ಕಿವಿ ಹಿಡಿದು ಕರೆದುಕೊಂಡು ಬರಲೇ?

ನಾನು ಮಂಟಯ್ಯ. ಎಚ್.ಡಿ. ಕೋಟೆ ಕಡೆಯ ದಡದಲ್ಲಿರುವ ಒಂದು ಲಾಡ್ಜಿನಲ್ಲಿ ಮೀನಿನ ಗೈಡು. ಗಾಳ ಹಾಕುವ ಹುಚ್ಚು ಹತ್ತಿಸಿಕೊಂಡು ಪಟ್ಟಣದಿಂದ ಬರುವವರನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹೋಗಬೇಕು, ಬಿಳಿಮೀನು ಎಲ್ಲಿ ಓಡಾಡುತ್ತದೆ ಅಂತ ತೋರಿಸಬೇಕು, ಗಾಳಕ್ಕೆ ರಾಗಿಮುದ್ದೆಯ ಉಂಡೆ ಸಿಕ್ಕಿಸಿ ಕೊಡಬೇಕು. ಮೀನು ಬಿದ್ದರೆ ಅವರು ಅದನ್ನು ತಬ್ಬಿಕೊಂಡು ಹಲ್ಲು ಕಿರಿಯುತ್ತಾರೆ, ನಾನು ಫೋಟೋ ತೆಗೆಯಬೇಕು. ಆಮೇಲೆ ಮೀನನ್ನು ವಾಪಸ್ಸು ನೀರಿಗೆ ಬಿಡಬೇಕು. ಹೌದು, ಬಿಡಬೇಕು. ಕೊಂದರೆ ಕೆಲಸ ಹೋಗುತ್ತದೆ.

"ಇಡಿಯಾದು, ಬುಡಾದು. ಇದೂ ಒಂದು ಕಸುಬಾ?" ಅಂತ ನನ್ನ ಹೆಂಡತಿ ಚಿಕ್ಕಸಿದ್ದಮ್ಮ ಶುರುವಿನಿಂದಲೂ ನಗುತ್ತಿದ್ದಳು. ಅವಳು ಬಿಳಿಕೆರೆಯವಳು. ಮೈಸೂರು ರಸ್ತೆಯ ಬಸ್ಸುಗಳನ್ನು ನೋಡಿ ಬೆಳೆದವಳು, ಬಾಯಿ ಜೋರು. ನಾನು ಬಲೆ ಹಾಕುವವರ ಸಂಘ ಬಿಟ್ಟು, ನನ್ನ ಲೈಸೆನ್ಸನ್ನು ಬಾಮೈದ ಲಿಂಗರಾಜುವಿಗೆ ಬರೆದುಕೊಟ್ಟು ಲಾಡ್ಜಿಗೆ ಸೇರಿ ಆಗಲೇ ಒಂಬತ್ತು ವರ್ಷ. ಬಲೆಯವರು ನನ್ನನ್ನು ಕಂಡರೆ "ಮೀನ್ಗೆ ಮುತ್ತಿಕ್ಕೋ ಮಂಟಯ್ಯ ಬಂದ ಕಣ್ರಲಾ" ಅನ್ನುತ್ತಿದ್ದರು. ಅನ್ನಲಿ. ಲಾಡ್ಜಿನ ಹಿಂದೆ ಶೀಟು ಹೊದಿಸಿದ ಒಂದು ಮನೆ ಕೊಟ್ಟಿದ್ದರು. ಗೋಡೆ ಗಟ್ಟಿಯಿತ್ತು, ಬಾಗಿಲಿಗೆ ಚಿಲಕವಿತ್ತು, ಆನೆ ಬಂದರೂ ನಿದ್ದೆ ಬರುತ್ತಿತ್ತು.

ತೊಂಬತ್ತೊಂಬತ್ತನೇ ಇಸವಿಯ ಆ ಆಷಾಢದಲ್ಲಿ ಆ ಮನೆಗೇ ಸಂಚಕಾರ ಬಂತು. ಮ್ಯಾನೇಜರು ಕಿರಣ್‌ಕುಮಾರ್ ಮೈಸೂರಿನ ಹುಡುಗ. ಒಳ್ಳೆಯವನೇ, ಆದರೆ ಮುಖ ನೋಡಿ ಮಾತಾಡುವ ಅಭ್ಯಾಸವಿಲ್ಲ. ನನ್ನನ್ನು ಕರೆದು ಕಿಟಕಿಯ ಕಡೆ ತಿರುಗಿ ನಿಂತ.

"ಮಂಟಯ್ಯನೋರೇ, ಓನರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಬರೋರೆಲ್ಲ ಆನೆ ನೋಡೋಕೆ ಬರ್ತಾರೆ. ವರ್ಷಕ್ಕೆ ನಾಲ್ಕು ಮೀನು ಸಿಗೋ ಕೆಲಸಕ್ಕೆ ಒಬ್ಬ ಮನುಷ್ಯ, ಒಂದು ಮನೆ ಯಾಕೆ ಅಂತ ಕೇಳ್ತಾರೆ. ಸೋಮವಾರ ಶಿವನಂಜಪ್ಪನೋರು ಬರ್ತಾರೆ. ಬೆಂಗಳೂರಲ್ಲಿ ಗಾಳ ಹಾಕೋರ ಕ್ಲಬ್ಬಿದೆಯಲ್ಲ, ಅದರ ಸೆಕ್ರೆಟರಿ. ನಾಲ್ಕು ದಿನ ಇರ್ತಾರೆ. ಅವರಿಗೊಂದು ಮೀನು ಬಿದ್ರೆ ಇಡೀ ಕ್ಲಬ್ಬೇ ಬರುತ್ತೆ. ಬೀಳಲಿಲ್ಲ ಅಂದ್ರೆ ಮುಂದಿನ ತಿಂಗಳು ಹರಿಗೋಲು ಬೋರಲು. ನನ್ನ ಕೈಲಿ ಏನೂ ಇಲ್ಲ."

"ಆಸಾಡದಾಗೆ ಯಾವನಾದ್ರೂ ಗಾಳ ಆಕ್ತಾನಾ ಸಾ? ಶಿವರಾತ್ರಿಗೆ ಬರಾಕೇಳಿ."

"ಅವರಿಗೆ ಈಗಲೇ ಬಿಡುವಂತೆ."

ಹೆದರಿಕೆಯಾಯಿತು. ಸುಳ್ಳೇಕೆ ಹೇಳಲಿ? ನನಗೆ ಐವತ್ತೆರಡು. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ, ಆ ವಯಸ್ಸು. ಬಲೆಯವರ ಹತ್ತಿರ ಹೋಗಿ ಕೈಚಾಚುವ ಮುಖವಿರಲಿಲ್ಲ. ಮನೆಗೆ ಬಂದು ಹೇಳಿದೆ. ಚಿಕ್ಕಸಿದ್ದಮ್ಮ ರಾಗಿ ಹಿಟ್ಟಿನ ಡಬ್ಬ ತೆಗೆದು, "ಗಾಳ ಇಡ್ಯೋನ್ಗೆ ಗಾಳಿ ಗಂಟ್ಬಿತ್ತು ನೋಡು" ಅಂದಳು. ಅಂದು ನಗಲಿಲ್ಲ. ಮೀನಿಗೆ ಅವಳು ತಿರುವುವ ಮುದ್ದೆಗೆ ಉಪ್ಪಿಲ್ಲ, ಗಂಟಿಲ್ಲ, ಕಲ್ಲಿನ ಹಾಗೆ ಗಟ್ಟಿ. ನನಗೂ ಎಂದೂ ಅಷ್ಟು ಶ್ರದ್ಧೆಯಿಂದ ತಿರುವಿದವಳಲ್ಲ.

ಸೋಮವಾರ ಶಿವನಂಜಪ್ಪನವರು ಬಂದರು. ಎಪ್ಪತ್ತರ ಆಸುಪಾಸು, ತಲೆಗೆ ಟೊಪ್ಪಿ, ಮೈಮೇಲೆ ಹತ್ತು ಜೇಬಿನ ಕೋಟು. ಮ್ಯಾನೇಜರ ಹತ್ತಿರ ಇಂಗ್ಲಿಷು. ನನ್ನ ಹತ್ತಿರ ಅಳೆದು ತೂಗಿ ನಾಲ್ಕು ಮಾತು: "ಹೊರಡೋಣವೇ?" "ಇಲ್ಲಿ ಆಳವೆಷ್ಟು?" ಮಣ್ಣು ಮುಟ್ಟಿದ ಜೀವವಲ್ಲ ಅಂತ ತೀರ್ಮಾನ ಮಾಡಿಕೊಂಡೆ. ಬೆನ್ನು ತಿರುಗಿಸಿ ಹುಟ್ಟು ಹಾಕುವಾಗ ನಮ್ಮ ಭಾಷೆಯಲ್ಲಿ ಗೊಣಗಿಕೊಂಡೆ: "ಈ ಮುದ್ಕುಂಗೆ ಆಸಾಡದಾಗೇ ಬರ್ಬೇಕಿತ್ತಾ? ಮನೇಲಿ ಒದ್ಕಂಡು ಬಿದ್ದಿರಾಕೆ ಏನು ರೋಗ?" ಅವರು ಟೊಪ್ಪಿ ಹಾರದಂತೆ ಹಿಡಿದುಕೊಂಡು ನೀರು ನೋಡುತ್ತಿದ್ದರು.

ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಅಲೆಗಳು ಹರಿಗೋಲಿನೊಳಕ್ಕೇ ಬಂದವು. ನೀರು ಮೊಗೆದು ಚೆಲ್ಲುವುದೇ ಕೆಲಸವಾಯಿತು. ಅವರು ಕಲ್ಲಿನ ಹಾಗೆ ಕುಳಿತು ಗಾಳ ಎಸೆಯುತ್ತಲೇ ಇದ್ದರು. ಮಧ್ಯಾಹ್ನ ಒಂದು ಸಲ ಗಾಳದ ಮುದ್ದೆಯ ಚೂರನ್ನು ಮೂಸಿ ನೋಡಿ ಬಾಯಿಗೆ ಹಾಕಿಕೊಂಡು, "ಉಪ್ಪಿಲ್ಲ" ಅಂದರು. ಹಸಿವೇನೋ ಮುದುಕನಿಗೆ ಅಂದುಕೊಂಡೆ.

ಮೂರನೆಯ ದಿನ ಬೆಳಗಿನಿಂದ ಹನ್ನೆರಡರವರೆಗೆ ಒಂದು ಮೀನೂ ಮುದ್ದೆ ಮೂಸಲಿಲ್ಲ. ವಾಪಸ್ಸು ದಡಕ್ಕೆ ಬರುವಾಗ ಅವರು ತಾವಾಗಿಯೇ ಮಾತಾಡಿದರು.

"ಹನ್ನೊಂದು ವರ್ಷದಿಂದ ಬಿಳಿಮೀನಿಗೆ ಗಾಳ ಹಾಕುತ್ತಿದ್ದೇನೆ. ಕಾವೇರಿ, ಭದ್ರೆ, ಈಗ ಇಲ್ಲಿ. ಒಂದೂ ಬಿದ್ದಿಲ್ಲ. ಕ್ಲಬ್ಬಿನಲ್ಲಿ ನನ್ನ ಮುಂದೆ ನಗುವುದಿಲ್ಲ, ಹಿಂದೆ ನಗುತ್ತಾರೆ."

"ನಾಳೆ ಬೀಳ್ತದೆ ಬುಡಿ ಸಾ," ಅಂದೆ. ಎಲ್ಲಿಂದ ಬೀಳುತ್ತದೆ? ನನ್ನ ತಲೆಯಿಂದಲೇ?

ಊಟ ಮಾಡಿ ಅವರು ಮಲಗಿದರು. ನನಗೆ ತುತ್ತು ಇಳಿಯಲಿಲ್ಲ. ನನ್ನ ಹಳೆಯ ಗಾಳದ ಕಡ್ಡಿ ಹಿಡಿದು ಒಬ್ಬನೇ ಹೊರಟೆ. ಲಾಡ್ಜಿನಿಂದ ಅರ್ಧ ಗಂಟೆಯ ದಾರಿ, ನೀರಿಗೆ ಚಾಚಿದ ಒಂದು ಮೂಲೆ. ಅಣೆಕಟ್ಟಿನ ನೀರು ನಿಂತಾಗ ಸತ್ತ ಒಂದು ಮತ್ತಿ ಮರದ ಬೊಡ್ಡೆ ಅಲ್ಲಿದೆ, ಎದೆಯುದ್ದದ ನೀರಿನಲ್ಲಿ. ಗಾಳಿ ಅಲೆಯನ್ನೆಲ್ಲ ಅಲ್ಲಿಗೇ ತಂದು ಚಚ್ಚುತ್ತಿತ್ತು. ಸುಮ್ಮನೆ, ರೇಗಿ, ಎಸೆದೆ. ಎರಡನೇ ಎಸೆತಕ್ಕೆ ಕಡ್ಡಿ ಬಾಗಿತು.

ಮೂರು ದಿನ ಪಟ್ಟಣದ ಮುದುಕನಿಗೆ ಬೆನ್ನು ತೋರಿಸಿದ ಮೀನು, ಬೈಯುತ್ತಾ ನಿಂತ ನನಗೆ ಬಿತ್ತು. ಮುಕ್ಕಾಲು ಗಂಟೆ ಎಳೆದಾಡಿತು. ದಡಕ್ಕೆ ತಂದಾಗ ನೋಡಿದರೆ ಬಿಳಿಮೀನು, ಹತ್ತು ಹನ್ನೆರಡು ಕೇಜಿ, ಮೂರು ಬೆರಳಗಲದ ಹುರುಪೆ, ಹೆಸರಿಗೆ ಬಿಳಿ, ಬಣ್ಣ ಹೊನ್ನಿನದು. ನನಗೆ ಅಳು ಬಂತು. ಸಂತೋಷಕ್ಕಲ್ಲ. ಇದನ್ನು ಹಿಡಿದವನು ನಾನು, ನಾನು ಹಿಡಿದರೆ ಲೆಕ್ಕಕ್ಕಿಲ್ಲ. ಬಿಡಬೇಕು. ಬಿಟ್ಟರೆ ಮನೆ ಹೋಯಿತು.

ಆಗ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು.

ನಮ್ಮಪ್ಪ ಸುತ್ತ ಹತ್ತು ಹಳ್ಳಿಯ ಹೋರಿಗಳಿಗೆ ಮೂಗು ಚುಚ್ಚಿ ಮೂಗುದಾರ ಪೋಣಿಸುತ್ತಿದ್ದವನು. ನಾನು ಏಳು ವರ್ಷದವನಿದ್ದಾಗಿನಿಂದ ಹೋರಿಯ ಕೊಂಬು ಹಿಡಿದು ನಿಂತವನು. ಬಲೆಯವರು ಮೀನನ್ನು ಕಿವಿರಿಗೆ ದಾರ ಹಾಕಿ ಕಟ್ಟುತ್ತಾರೆ, ಅದು ಸಂಜೆಯೊಳಗೆ ಸಾಯುತ್ತದೆ. ನನಗೆ ನಾಳೆಯವರೆಗೆ ಜೀವ ಬೇಕಿತ್ತು. ಸೊಂಟದ ಚೀಲದಲ್ಲಿ ಬಲೆ ಹೊಲಿಯುವ ನೀಲಿ ನೈಲಾನ್ ಹುರಿಯೂ ಒಂದಿಷ್ಟು ಹಗ್ಗವೂ ಇತ್ತು. ಕೆಳತುಟಿಯ ಹಿಂದಿನ ಮೆತ್ತನೆಯ ತೊಗಲಿಗೆ ಚಾಕುವಿನ ಮೊನೆಯಿಂದ ಚುಚ್ಚಿ, ಹುರಿಯನ್ನು ತೂರಿಸಿ, ಉಂಗುರದ ಹಾಗೆ ಗಂಟು ಹಾಕಿದೆ. ಅಪ್ಪನ ಗಂಟು. ಆ ಉಂಗುರಕ್ಕೆ ಮೂರು ಮಾರು ಹಗ್ಗ ಕಟ್ಟಿ, ಹಗ್ಗವನ್ನು ಮತ್ತಿಯ ಬೊಡ್ಡೆಗೆ ಬಿಗಿದೆ. ಮೀನು ಒಂದು ಸುತ್ತು ಹೋಗಿ, ಹಗ್ಗ ಜಗ್ಗಿದ ಕಡೆ ನಿಂತು, ಮತ್ತೆ ತಿರುಗಿತು.

ಚಿಕ್ಕಸಿದ್ದಮ್ಮನಿಗೆ ಹೇಳಿದಾಗ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಮೀನ್ಗೆ ಮೂಗುದಾರವಾ? ನಾಳೀಕೆ ನೇಗ್ಲು ಕಟ್ತೀಯಾ?"

"ಸುಮ್ಕಿರೇ. ನಾಳೆ ಅವ್ರ ಗಾಳುಕ್ಕೆ ಸಿಗಾಕುಸ್ಬುಟ್ಟು ಅಗ್ಗ ಕುಯ್ದಾಕ್ತೀನಿ. ಅವ್ರಿಗೂ ಮೀನು, ನಮ್ಗೂ ಮನೆ."

ಅವಳ ನಗು ನಿಂತಿತು. "ನಿಮ್ಮಪ್ಪ ಓರಿ ಮೂಗು ಚುಚ್ಚಾಕ್ ಮುಂಚೆ ಅದ್ರ ಕಾಲು ಮುಟ್ಟಿ ಕಣ್ಗೊತ್ಕತಿದ್ದ ಅಂತಿದ್ದೆ. ನೀನು ಒತ್ಕಂಡಾ?"

"ಮೀನ್ಗೆ ಕಾಲೆಲ್ಲೈತೆ?" ಅಂತ ರೇಗಿದೆ. ಅವಳು ಒಲೆಯ ಮುಂದೆ ಹೋಗಿ ಕುಳಿತಳು.

ನಾಲ್ಕನೆಯ ದಿನ, ಕೊನೆಯ ದಿನ, ಬೆಳಗ್ಗೆ ಏಳಕ್ಕೇ ಹೊರಟೆವು. ಗಾಳಿ ಇನ್ನೂ ಜೋರಾಗಿತ್ತು. "ಇವತ್ತು ದಡದಿಂದ್ಲೇ ಆಕುವಾ ಸಾ, ಒಂದು ಜಾಗ ಐತೆ" ಅಂದೆ. ಮೂಲೆಗೆ ಬಂದೆವು. ನನ್ನ ಕಣ್ಣು ಬೊಡ್ಡೆಯ ಮೇಲೇ ಇತ್ತು. ಹಗ್ಗ ಬಿಗಿದು, ಸಡಿಲಾಗಿ, ಬಿಗಿಯುತ್ತಿತ್ತು. ಬದುಕಿತ್ತು.

"ಬೊಡ್ಡೆ ಪಕ್ಕುಕ್ಕೆ ಎಸೀರಿ ಸಾ."

ಎಸೆದರು. ಸ್ವಲ್ಪ ಹೊತ್ತು ಬಿಟ್ಟು ನಾನೇ ದಾರ ಮುಟ್ಟಿ ನೋಡಿ, "ಅಯ್ಯೋ, ಮರುಕ್ಕೆ ಸಿಗಾಕ್ಕಂತು. ಎಳೀಬ್ಯಾಡಿ, ನಾನ್ ಬುಡುಸ್ತೀನಿ" ಅಂದು ನೀರಿಗಿಳಿದೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಎದೆಯವರೆಗೆ ನೀರು, ಅಲೆ ಮುಖಕ್ಕೆ ಹೊಡೆಯುತ್ತಿತ್ತು. ಬೊಡ್ಡೆಯ ಮರೆಯಲ್ಲಿ ನಿಂತು, ಹಗ್ಗ ಎಳೆದು, ಮೀನನ್ನು ಕಂಕುಳಿಗೆ ಒತ್ತಿಕೊಂಡೆ. ಅದು ಒದ್ದಾಡಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ, ಆದರೆ ಯೋಚಿಸಲು ಪುರುಸೊತ್ತೆಲ್ಲಿ? ಗಾಳವನ್ನು ತುಟಿಗೆ ಸಿಕ್ಕಿಸಿದೆ, ಬಾಯಲ್ಲಿ ಕಚ್ಚಿಕೊಂಡಿದ್ದ ಚಾಕು ತೆಗೆದು ಹಗ್ಗ ಕುಯ್ದೆ, ಬಾಲಕ್ಕೆ ಒಂದು ಏಟು ಕೊಟ್ಟು ನೂಕಿದೆ. ಏಟಿಗೆ ಬೆದರಿ ಒಂದೇ ಸಲಕ್ಕೆ ಆಳಕ್ಕೆ ನುಗ್ಗಿತು.

"ಮೀನು! ಮೀನು ಸಾ!" ಅಂತ ಕೂಗಿದೆ. "ಬುಡಿ, ದಾರ ಬುಡಿ, ಬುಡಿ!"

"ಬುಡ್ತಾ ಇವ್ನಿ ಕಣ್ಲಾ, ಸುಮ್ಕಿರು!" ಅಂತ ದಡದಿಂದ ಉತ್ತರ ಬಂತು.

ನಾನು ನೀರಿನಲ್ಲೇ ಕಂಬವಾದೆ. ಬೆಂಗಳೂರಿನ ಸೆಕ್ರೆಟರಿಯ ಬಾಯಲ್ಲಿ ನಮ್ಮ ಮಾತು! ಹಾಗಾದರೆ ಮೂರು ದಿನದಿಂದ ಹುಟ್ಟು ಹಾಕುತ್ತಾ ಗೊಣಗಿದ್ದೆಲ್ಲ? ಮುದ್ಕ, ರೋಗ, ಎಲ್ಲ ಕೇಳಿಸಿಕೊಂಡಿದ್ದರು.

ಮೀನು ಹೆಚ್ಚು ಹೊತ್ತು ಆಡಲಿಲ್ಲ. ಹತ್ತು ನಿಮಿಷಕ್ಕೆ ದಣಿದು ಮಗ್ಗುಲಾಯಿತು. ಶಿವನಂಜಪ್ಪನವರು ಬೂಟಿನ ಸಮೇತ ನೀರಿಗೆ ಇಳಿದು ಮಂಡಿಯೂರಿದರು. ಟೊಪ್ಪಿ ಗಾಳಿಗೆ ಹಾರಿಹೋಯಿತು, ತಿರುಗಿಯೂ ನೋಡಲಿಲ್ಲ. ಮೀನಿನ ಕೆನ್ನೆ ಸವರುತ್ತಾ ಸವರುತ್ತಾ ಬೆರಳು ಕೆಳತುಟಿಗೆ ಬಂದು ನಿಂತಿತು.

ನಾನೂ ಆಗಲೇ ನೋಡಿದ್ದು. ಹಗ್ಗ ಕುಯ್ದಿದ್ದೆ, ಉಂಗುರ ಹಾಗೇ ಇತ್ತು. ನೀಲಿ ಹುರಿ, ಅಪ್ಪನ ಗಂಟು, ಲಕ್ಷಣವಾಗಿ. ಎತ್ತನ್ನು ಬಿಡುವವನು ಹಗ್ಗ ಬಿಚ್ಚುತ್ತಾನೆ, ಮೂಗುದಾರ ಬಿಚ್ಚುತ್ತಾನೆಯೇ? ಹುಟ್ಟಿದಾಗಿನಿಂದ ಕಲಿತ ಕೈ ಕಲಿತದ್ದನ್ನೇ ಮಾಡಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಅವರು ಬಹಳ ಹೊತ್ತು ಆ ಗಂಟನ್ನು ನೋಡಿದರು. ಆಮೇಲೆ ತಲೆಯೆತ್ತದೆ ಕೇಳಿದರು.

"ಇದ್ಕೆ ಮೂಗುದಾರ ಆಕ್ದೋರು ಯಾರಯ್ಯ?"

ಸುಳ್ಳು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ. "ನಾನೇ ಸ್ವಾಮಿ. ನಿನ್ನೆ ಮಧ್ಯಾನ ಬಿತ್ತು. ನೀವು ಬರಿಗೈಲಿ ಓದ್ರೆ ನನ್ ಮನೆ ಓಯ್ತದೆ. ತಪ್ಪಾಯ್ತು. ಒದ್ದುಬುಡಿ ಬೇಕಾದ್ರೆ."

"ನಮ್ದೂ ಈ ಸೀಮೇನೇ, ರಾವಂದೂರು," ಅಂದರು. "ನಾಕ್ ಜೊತೆ ಎತ್ತಿದ್ವು. ನಮ್ಮಪ್ಪ ಈ ಗಂಟು ಕಲಿಸ್ತೀನಿ ಬಾರ್ಲಾ ಅಂತ ಕರೀತಿದ್ದ, ನಾನು ಪುಸ್ತಕ ಇಡ್ಕಂಡು ಓಡೋಗ್ತಿದ್ದೆ."

ಮುಂದೆ ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಮೀನನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಹಿಡಿದರು. ಹೆಬ್ಬೆರಳನ್ನು ಸರಿಸಿ, ನೀಲಿ ಗಂಟಿನ ಮೇಲೆ ಒತ್ತಿ ಇಟ್ಟರು. ಗಂಟು ಕಾಣದಂತಾಯಿತು.

"ತೆಗಿ ಫೋಟೋ," ಅಂದರು.

"ಸ್ವಾಮಿ..."

"ಹನ್ನೊಂದು ವರ್ಷ ಕಣಯ್ಯ. ತೆಗಿ."

ತೆಗೆದೆ. ಮೂರು ಸಲ ತೆಗೆದೆ. ಮೂರು ಸಲವೂ ಅವರು ನಕ್ಕರು. ಕ್ಯಾಮೆರಾದ ಕಿಂಡಿಯಲ್ಲಿ ನನಗೆ ಮೀನೂ ಕಾಣಲಿಲ್ಲ, ಮನುಷ್ಯನೂ ಕಾಣಲಿಲ್ಲ, ಆ ಹೆಬ್ಬೆರಳೊಂದೇ ಕಂಡಿತು.

ಆಮೇಲೆ ಮೂಗುದಾರ ಕುಯ್ದೆ. ಅವರು ಅದನ್ನು ಕೈಚಾಚಿ ಇಸಿದುಕೊಂಡು ಕೋಟಿನ ಒಂದು ಜೇಬಿಗೆ ಹಾಕಿ ಗುಂಡಿ ಹಾಕಿದರು. ಮೀನನ್ನು ನೀರಿನಲ್ಲಿ ನೆಟ್ಟಗೆ ಹಿಡಿದು, ಉಸಿರು ಬರುವವರೆಗೆ ಹಿಂದೆ ಮುಂದೆ ಆಡಿಸಿದೆ. ಬಾಲ ಅಲುಗಿತು. ಕೈ ಬಿಟ್ಟೆ. ನಮ್ಮಲ್ಲಿ ಹೊರಟವರಿಗೆ ಬರೀ 'ಹೋಗು' ಅನ್ನುವುದಿಲ್ಲವಲ್ಲ, ಅಭ್ಯಾಸಬಲ, "ಓಗ್ಬಾ ಕಣವ್ವಾ" ಅಂದೆ.

ಮೀನು ಮೂರು ಮಾರು ಹೋಯಿತು. ಅಲ್ಲಿ ನಿಂತು ತಿರುಗಿತು. ಇನ್ನೊಂದು ಕಡೆ ಮೂರು ಮಾರು ಹೋಗಿ ಮತ್ತೆ ತಿರುಗಿತು. ಎದುರಿಗೆ ಇಡೀ ಕಬಿನಿ ಬಿದ್ದಿತ್ತು, ಅದು ಇಲ್ಲದ ಹಗ್ಗಕ್ಕೆ ಹೆದರಿ ಬೊಡ್ಡೆಯ ಸುತ್ತಲೇ ಸುತ್ತುತ್ತಿತ್ತು. ಶಿವನಂಜಪ್ಪನವರು ನೋಡಿದರು, ಮುಖ ಪಕ್ಕಕ್ಕೆ ತಿರುಗಿಸಿದರು. "ನಡಿ ಹೋಗೋಣ," ಅಂದರು. ಮಾತು ಮತ್ತೆ ಬೆಂಗಳೂರಿನದಾಗಿತ್ತು.

ಕಿರಣ್‌ಕುಮಾರ್ ಕುಣಿಯುವುದೊಂದು ಬಾಕಿ. ಜೀವಮಾನದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. "ನಿಮ್ಮ ಮನೆ ನಿಮಗೇ ಮಂಟಯ್ಯನೋರೇ! ಓನರಿಗೆ ಫೋನ್ ಮಾಡಿದೆ. ಇನ್ನೊಂದು ಒಳ್ಳೆ ಸುದ್ದಿ. ಕ್ಲಬ್ಬಿನೋರು ಆರು ಜನ ಮಡಿಕೇರಿಗೆ ಬಂದಿದಾರಂತೆ. ಫೋನಲ್ಲಿ ಸುದ್ದಿ ಕೇಳಿ ಕೂತಲ್ಲಿ ಕೂರ್ತಿಲ್ಲ. ಹುಣಸೂರು ಮೇಲೆ ನಾಳೆ ಮೂರು ಗಂಟೆಗೆಲ್ಲ ಇಲ್ಲಿರ್ತಾರೆ. ಅದೇ ಜಾಗಕ್ಕೆ ಕರ್ಕೊಂಡು ಹೋಗಿ. ಅಂಥದ್ದೇ ಇನ್ನೊಂದು ಬೀಳಿಸಿಬಿಟ್ರೆ ನಿಮ್ಮನ್ನ ಅಲ್ಲಾಡಿಸೋರೇ ಇಲ್ಲ. ಬೀಳುತ್ತೆ ತಾನೇ?"

ನಾನು ಶಿವನಂಜಪ್ಪನವರ ಕಡೆ ನೋಡಿದೆ. ಅವರು ಕೋಟಿನ ಗುಂಡಿಯನ್ನು ಬೆರಳಿನಿಂದ ತಿರುವುತ್ತಾ ಕಾರಿನ ಕಡೆ ನಡೆದರು. ಹತ್ತುವಾಗ ಒಂದು ಸಲ ಕೈ ಎತ್ತಿದರು. "ಬರ್ತೀನಿ" ಅನ್ನಲಿಲ್ಲ.

ಮನೆಯಲ್ಲಿ ಚಿಕ್ಕಸಿದ್ದಮ್ಮ ನನಗೆ ಉಪ್ಪು ಹಾಕಿದ ಮುದ್ದೆ, ಉಪ್ಸಾರು ಬಡಿಸಿದಳು. ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: "ಓಯ್ತಾ ಅದು?"

"ಓಗಿರ್ತದೆ."

"ನೋಡ್ಕಂಬಾ."

ಬೆಳಗ್ಗೆ ಹೋದೆ. ದಾರಿಗೆ ಊರಿಕೊಳ್ಳಲು ಹರಿಗೋಲಿನ ಹುಟ್ಟು ಹಿಡಿದು ಒಬ್ಬನೇ ಹೋದೆ. ಸುಳ್ಳು ಹೇಳುವುದಿಲ್ಲ, ಸೊಂಟದ ಚೀಲದಲ್ಲಿ ನೀಲಿ ಹುರಿಯಿತ್ತು. ಬೇಕೆಂದೇ ಇಟ್ಟುಕೊಂಡೆನೋ, ಯಾವಾಗಲೂ ಇರುತ್ತದೆಂದು ಇತ್ತೋ, ಆ ದೇವರೇ ಬಲ್ಲ. ಆರು ಜನ ಬರುತ್ತಿದ್ದಾರೆ, ಮನೆ ನನ್ನದು ಅಂದಿದ್ದಾರೆ, ಒಂದು ಮೀನು ಬಿದ್ದರೆ ಅಲ್ಲಾಡಿಸುವವರಿಲ್ಲ ಅಂತ ದಾರಿಯುದ್ದಕ್ಕೂ ತಲೆಯಲ್ಲಿ ಅದೇ ಓಡುತ್ತಿತ್ತು.

ಮೀನು ಅಲ್ಲೇ ಇತ್ತು. ಮತ್ತಿಯ ಬೊಡ್ಡೆಗೆ ಮೈ ತಾಗಿಸಿಕೊಂಡು ನಿಂತಿತ್ತು. ಸಂಜೆ ಮೇಯ್ದು ಬಂದ ಹಸು ತಾನಾಗೇ ತನ್ನ ಗೂಟದ ಹತ್ತಿರ ಬಂದು ನಿಲ್ಲುತ್ತದಲ್ಲ, ಹಾಗೆ. ನಾನು ನೀರಿಗಿಳಿದೆ. ಓಡಲಿಲ್ಲ. ಹತ್ತಿರ ಹೋದೆ. ಓಡಲಿಲ್ಲ. ಕೈಚಾಚಿ ಬೆನ್ನು ಮುಟ್ಟಿದೆ. ಅದು ತಲೆಯನ್ನು ನನ್ನ ಕಡೆಗೆ ತಿರುಗಿಸಿ, ಬಾಯಿ ತೆರೆದು ಮುಚ್ಚಿತು. ಕೆಳತುಟಿಯಲ್ಲಿ ತೂತು ಕಾಣುತ್ತಿತ್ತು. ಹುರಿ ಪೋಣಿಸಲು ಹೊಸದಾಗಿ ಚುಚ್ಚುವುದೂ ಬೇಕಿರಲಿಲ್ಲ.

ಕೈ ಚೀಲಕ್ಕೆ ಹೋಯಿತು. ಹೋದದ್ದು ನಿಜ. ಹುರಿಯನ್ನು ಬೆರಳಿಗೆ ಸುತ್ತಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಗಾಳಿ ಬೀಸುತ್ತಲೇ ಇತ್ತು.

ಆಮೇಲೆ ದಡಕ್ಕೆ ಹೋಗಿ ಹುಟ್ಟು ತಂದೆ. ಎತ್ತಿ ನೀರಿಗೆ ಬಾರಿಸಿದೆ. ಮೀನು ಬೆಚ್ಚಿ ಮೂರು ಮಾರು ಹೋಗಿ ತಿರುಗಿತು. ಮತ್ತೆ ಬಾರಿಸಿದೆ. "ಓಗು!" ಅಂದೆ. ನಮ್ಮ ಮನೆಯಿಂದ ಹೊರಟ ಯಾರಿಗೂ, ವೈರಿಗೂ ಹಾಗಂದವನಲ್ಲ. "ಓಗು! ಬರಬ್ಯಾಡ! ನಿನ್ ದಮ್ಮಯ್ಯ ಅಂತೀನಿ, ಇತ್ಲಾಗ್ ಬರಬ್ಯಾಡ ಕಣೇ!" ಅಳುತ್ತಾ, ಬೈಯುತ್ತಾ, ರಟ್ಟೆ ಬೀಳುವವರೆಗೆ ಬಾರಿಸಿದೆ. ಅದು ನಾಲ್ಕು ಮಾರು ಹೋಯಿತು, ಐದು ಮಾರು ಹೋಯಿತು, ಆಮೇಲೆ ಕೆಂಪು ನೀರಿನಲ್ಲಿ ಬೆನ್ನು ಕಾಣಲಿಲ್ಲ.

ಹುರಿಯ ಉಂಡೆಯನ್ನು ಅದರ ಹಿಂದೆಯೇ ಎಸೆದೆ. ಗಾಳಿ ಅದನ್ನು ತಂದು ನನ್ನ ಕಾಲಿಗೇ ಹಾಕಿತು.

ದಡದಲ್ಲಿ ಕುಳಿತೆ. ಚಿಕ್ಕಸಿದ್ದಮ್ಮ ಆರು ಜನರ ಗಾಳಕ್ಕೆ ಸಾಕಾಗುವಷ್ಟು ಮುದ್ದೆ ತಿರುವಿ ಬಟ್ಟೆಯಲ್ಲಿ ಕಟ್ಟಿಕೊಟ್ಟಿದ್ದಳು, ಇನ್ನೂ ಬಿಸಿಯಿತ್ತು. ಮೂರು ಗಂಟೆಗೆ ಅವರು ಬರುವವರಿದ್ದರು.